ಸೌನಾದ ಬಿಸಿಗೆ ಕರಗದ ನೋವು

ಇಸಾಲ್ಮಿ,
ನವೆಂಬರ್ ೧೪

ನನ್ನ ಸಿರ್ಕಾ,

ಫೋನಿನಲ್ಲಿ ನೀನು ನನ್ನ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕಿಬ್ಬೊಟ್ಟೆ ನೋವಿಗೆ ಬಿಸಿನೀರಿನ ಚೀಲ ಸಾಕು, ಡಾಕ್ಟರು ಬೇಡ ಎಂದೆಯಲ್ಲ, ಆ ಮಾತು ಕೇಳಿದವಳೇ ಕಾಗದ ತೆಗೆದುಕೊಂಡು ಕೂತೆ. ಪೂರ್ತಿ ಓದು. ಓದಿದ ಮೇಲೆ ಹೋಗಿ ತೋರಿಸಿಕೊಂಡು ಬಾ. ನನಗೆ ಬೇಕಾದದ್ದು ಅಷ್ಟೇ.

ನನಗೂ ಹೋದ ಚಳಿಗಾಲ ಹೀಗೇ ಶುರುವಾಯಿತು. ಕೆಳಗೆ ಏನೋ ಜಗ್ಗಿದಂತೆ, ಒತ್ತಿದಂತೆ. ಎರಡು ಚಮಚ ಗಂಜಿಗೇ ಹೊಟ್ಟೆ ತುಂಬಿಬಿಡುತ್ತಿತ್ತು. ಗಳಿಗೆಗೊಮ್ಮೆ ಬಚ್ಚಲಿಗೆ ಓಡಬೇಕು. ನರ್ಸ್ ಮೂತ್ರದ ಸೋಂಕು ಎಂದು ಮಾತ್ರೆ ಕೊಟ್ಟಳು. ಪಕ್ಕದ ಮನೆಯ ಐಲಿ, ಹಾಲಿನ ಕ್ಯಾನು ಹೊತ್ತು ಹೊತ್ತು ಗರ್ಭಕೋಶ ಜಾರಿದೆ, ತನಗೂ ಹಾಗೇ ಆಗಿತ್ತು ಎಂದಳು. ನನಗೂ ಅದೇ ಇರಲಿ ಎಂದು ಆಸೆಪಟ್ಟೆ. ಜಾರಿದ್ದಾದರೆ ಮೇಲೆತ್ತಿ ಹೊಲಿಯುತ್ತಾರಂತೆ.

ಮತ್ತೆ ಸೌನಾ ಇದ್ದೇ ಇತ್ತಲ್ಲ. ನಿನ್ನ ಅಜ್ಜಿ ನನ್ನನ್ನು ಹೆತ್ತದ್ದೂ ಅಲ್ಲೇ, ಅವಳ ಹೆಣ ತೊಳೆದದ್ದೂ ಅಲ್ಲೇ. ಮೇಲಿನ ಹಲಗೆಯಲ್ಲಿ ಕೂತು ಕಾದ ಕಲ್ಲಿಗೆ ನೀರು ಹುಯ್ದು ಹಬೆ ಎಬ್ಬಿಸಿದರೆ ನೋವು ಮೆತ್ತಗಾಗುತ್ತಿತ್ತು. ಮೆತ್ತಗಾದದ್ದನ್ನೇ ವಾಸಿ ಅಂದುಕೊಂಡೆ, ಪೆದ್ದಿ. ಹೆಂಗಸರೆಲ್ಲ ಬರಿಮೈಯಲ್ಲಿ ಒಟ್ಟಿಗೆ ಕೂರುವ ಜಾಗ ಅದು. ಉಬ್ಬಿದ ಹೊಟ್ಟೆ ಯಾರ ಕಣ್ಣಿಗೂ ಬೀಳಬಾರದೆಂದು ಶನಿವಾರ ಎಲ್ಲರಿಗಿಂತ ಮೊದಲೇ ಒಬ್ಬಳೇ ಹೋಗಿ ಬರುತ್ತಿದ್ದೆ. ಕೇಳಿದರೆ, ನಿಮ್ಮ ಹರಟೆ ಸಾಕಾಗಿದೆ ಎನ್ನುತ್ತಿದ್ದೆ.

ಆಗಸ್ಟಿನಲ್ಲಿ ನಿನ್ನ ಸೋದರತ್ತೆ ಹೆಲ್ವಿ ಹೇಳದೆ ಕೇಳದೆ ಸೌನಾದೊಳಗೆ ಬಂದಳು, ಕೈಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದುಕೊಂಡು. ನನ್ನ ಹೊಟ್ಟೆ ನೋಡಿ, "ಏನೇ ಇದು, ಈ ವಯಸ್ಸಲ್ಲಿ ಬಸುರಾ? ಯಾರೇ ಆ ಪುಣ್ಯಾತ್ಮ?" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಕೈಯಿಟ್ಟು ನೋಡಿದಳು. ಅವಳ ನಗು ನಿಂತಿತು.

"ಸೋಮವಾರ ಆಸ್ಪತ್ರೆಗೆ ಹೋಗ್ತಿದೀವಿ. ಕಾರು ನಾನೇ ಓಡಿಸ್ತೀನಿ, ನೀನು ಬಾಯಿ ಮುಚ್ಕೊಂಡು ಕೂತ್ಕೋ."

ಅಂಡಾಶಯದಲ್ಲಿ ಗಡ್ಡೆ. ತೆಗೆದರು, ಆದರೆ ಅಷ್ಟು ಹೊತ್ತಿಗೆ ಹೊಟ್ಟೆಯೆಲ್ಲ ಹಬ್ಬಿತ್ತು. ಸಣ್ಣ ಆಪರೇಷನ್, ಗರ್ಭಕೋಶ ಜಾರಿತ್ತು ಅಂತ ನಿನಗೆ ಹೇಳಿದ್ದು ಸುಳ್ಳು. ಇದು ತಾಯಿಯಿಂದ ಮಗಳಿಗೂ ಬರಬಹುದು ಎಂದು ಹೋದ ವಾರ ಡಾಕ್ಟರು ಹೇಳಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ. ನನ್ನ ಸಾವಿಗೆ ನಾನು ಹೆದರುತ್ತಿಲ್ಲ ಮಗಳೇ, ನಿನಗೇನಾದರೂ ಆದೀತೆಂದು ಹೆದರುತ್ತಿದ್ದೇನೆ. ನಿನ್ನದು ಬರೀ ಸೋಂಕಿರಬಹುದು, ನೀರು ತುಂಬಿದ ಸಣ್ಣ ಗಂಟಿರಬಹುದು, ಮುಟ್ಟಿನ ತೊಂದರೆಯಿರಬಹುದು. ಯಾವುದು ಅಂತ ಬಿಸಿನೀರಿನ ಚೀಲ ಹೇಳುವುದಿಲ್ಲ.

ಕೋಪ ಬಂದರೆ ಬೈದುಕೋ. ಬೈದುಕೊಂಡೇ ಹೋಗು.

ನಿನ್ನ
ಅಮ್ಮ

ಮರೆತಿದ್ದೆ: ಹೋದ ತಿಂಗಳು ಬಂದಾಗ ನೀನು ಸೌನಾದಲ್ಲಿ ಹೊಟ್ಟೆಗೆ ಟವೆಲ್ ಸುತ್ತಿಕೊಂಡೇ ಕೂತಿದ್ದೆ. ನಮ್ಮ ಮನೆಯ ಯಾವ ಹೆಣ್ಣೂ ಅಲ್ಲಿ ಮೈ ಮುಚ್ಚಿಕೊಂಡವಳಲ್ಲ. ನಿಮ್ಮ ತಾಂಪೆರೆ ಊರಿನಲ್ಲಿ ಎಲ್ಲರೂ ಹೀಗೇ ಕೂರುತ್ತಾರೆ ಎಂದೆ ನೀನು. ಹೆಲ್ವಿ ನಂಬಿದಳು. ನಾನು ನಂಬಲಿಲ್ಲ.