ಕುಬಸದ ದಿನ ಆಡಿದ ಹೊಟ್ಟಿನ ಮಾತು

ವಚನಕ್ಕಾ,

ನೀನು ಫೋನ್ ಎತ್ತುತ್ತಿಲ್ಲ, ಮೆಸೇಜಿಗೆ ಬರೀ ಬ್ಲೂ ಟಿಕ್. ಅದಕ್ಕೇ ಈ ಕಾಗದ. ನನ್ನದು ಹಾಸ್ಟೆಲ್ ಕನ್ನಡ, ಸಹಿಸಿಕೋ.

ಈ ಪರದೇಶದ ಅಪ್ಪರ್ ಹಟ್‌ನ ನಿಮ್ಮ ಮನೆಯಲ್ಲಿ ಬಸುರಿ ನೀನು ಹಸಿರು ಸೀರೆ, ಹಸಿರು ಬಳೆ ತೊಟ್ಟು ಕುಬಸಕ್ಕೆ ಕುಂತಿದ್ದೆ. ನಿನಗೆ ಶುಗರ್ ಬಂದಿದೆ, ಅಳತೆ ಮಾಡಿ ತಿನ್ನಬೇಕು ಅಂತ ಮಿಡ್‌ವೈಫ್ ಹೇಳಿದ್ದು ಎಲ್ಲರಿಗೂ ಗೊತ್ತು. ಆದರೂ ಆಂಟಿಯರು ಒಬ್ಬೊಬ್ಬರಾಗಿ ಹೋಳಿಗೆ ಹಿಡಿದು ಬಂದರು. ನೀನು ಮುಖ ತಿರುಗಿಸುತ್ತಿದ್ದೆ. ನನಗೆ ಟೆನ್ಷನ್ ಆಯಿತು. ಟೆನ್ಷನ್ ಆದರೆ ನನ್ನ ಬಾಯಿ ಸುಮ್ಮನಿರೋದಿಲ್ಲ, ನಿನಗೆ ಗೊತ್ತಲ್ಲ.

"ನಮ್ಮ ಕಾಲೇಜ್ ಫಾರ್ಮಿನ್ಯಾಗ ಗಬ್ಬದ ಹಂದಿಗೂ ಇಷ್ಟು ಹಾಕೂದಿಲ್ರಿ. ಬೊಜ್ಜು ಬಂದ್ರ ಮರಿ ಹಾಕೂದು ಕಷ್ಟ. ಹೊಟ್ಟು, ಬೂಸಾ ಕೊಡ್ತೀವಿ. ಅಕ್ಕಗೂ ಫೈಬರ್ ಕೊಡ್ರಿ."

ನಿಮ್ಮತ್ತೆ ಬಸಲಿಂಗವ್ವ ಆರತಿ ತಟ್ಟೆ ಕೆಳಗಿಟ್ಟರು. "ಹಂದಿ ಕಾಯಾಕ ಇಷ್ಟು ದೂರ ವಿಮಾನ ಹತ್ತಿ ಬಂದಿಯೇನವಾ? ಲಿಂಗ ಕಟ್ಟಿದ ಮನಿ ಇದು!" ಯಾರೋ ಕಿಸಕ್ಕನೆ ನಕ್ಕರು. ನೀನು ಎದ್ದು ಒಳಗೆ ಹೋದೆ. ನಾನು ಹಿಂದೆಯೇ ಬಂದೆ, ನೀನು ಫ್ರಿಜ್ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದೆ, ತೆಗೆಯಲೂ ಇಲ್ಲ, ಬಿಡಲೂ ಇಲ್ಲ. ನಿನಗೆ ಸಿಟ್ಟು ಅಂದುಕೊಂಡು ನಾನು ಸದ್ದಿಲ್ಲದೆ ಹೊರಬಂದುಬಿಟ್ಟೆ.

ಮೊನ್ನೆ ಫಾರ್ಮಿಗೆ ಹೊಟ್ಟಿನ ಲೋಡ್ ತಡವಾಯಿತು. ಗಬ್ಬದ ಹಂದಿಗಳಿಗೆ ಅಳತೆಯ ಕಾಳು ಮಾತ್ರ ಹಾಕಿದೆವು. ಗಬಗಬ ತಿಂದು ಮುಗಿಸಿ, ಆಮೇಲೆ ಖಾಲಿ ಬಾಯಿ ಅಗಿಯುತ್ತಾ, ಕಬ್ಬಿಣದ ಸರಳು ಕಚ್ಚುತ್ತಾ ನಿಂತವು. ಬಾಯಿ ತುಂಬ ನೊರೆ. ಹೊಟ್ಟೆಯಲ್ಲಿನ ಮರಿಗಳಿಗೆ ಬೇಕಾದ ಸತ್ವ ಆ ಕಾಳಿನಲ್ಲಿತ್ತು, ಅವುಗಳ ಹಸಿವು ಮಾತ್ರ ಹಾಗೇ ಇತ್ತು. ಸಂಜೆ ಬಾರ್ಲಿ ಹೊಟ್ಟು ಬಂತು. ತಿಂದವು, ಒಂದು ಮಗ್ಗುಲಿಗೆ ಉರುಳಿ ಉಸಿರುಬಿಟ್ಟವು. ಆಗ ನಿನ್ನ ಫ್ರಿಜ್ ಬಾಗಿಲು ನೆನಪಾಗಿ ಅಲ್ಲೇ ಹುಲ್ಲಿನ ಮೇಲೆ ಕುಂತುಬಿಟ್ಟೆ.

ಧಾರವಾಡದ ಹಾಸ್ಟೆಲಿಗೆ ಬುತ್ತಿ ಹಿಡಿದು ಬರುತ್ತಿದ್ದವಳು ನೀನು. ಮಾರ್ಕ್ಸ್ ಕೇಳುತ್ತಿರಲಿಲ್ಲ. ಗೇಟಿನಲ್ಲೇ ನಿನ್ನ ಒಂದೇ ಪ್ರಶ್ನೆ, "ಹೊಟ್ಟಿ ತುಂಬ ಉಣ್ತೀಯಿಲ್ಲೋ?" ಕುಬಸದ ದಿನ ಎಲ್ಲರೂ ನಿನ್ನ ಕೂಸಿನ ಬಗ್ಗೆ, ಶುಗರಿನ ಬಗ್ಗೆ ಮಾತಾಡಿದೆವು. ನಾನು ಲೆಕ್ಚರ್ ಕೊಟ್ಟೆ. ಆ ಒಂದು ಮಾತು ನಿನ್ನನ್ನು ಕೇಳಲಿಲ್ಲ. ಹಂದಿಗೆ ಹೋಲಿಸಿದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಡುತ್ತಿದೆ.

ಶನಿವಾರ ಬರುತ್ತೇನೆ. ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ಮೆಂತ್ಯದ ಪಚಡಿ, ಮಿಡ್‌ವೈಫ್ ಬೇಡ ಅನ್ನದಂಥವೇ. ಬಾಗಿಲು ತೆಗೆಯದಿದ್ದರೆ ಡಬ್ಬಿ ಮೆಟ್ಟಿಲ ಮೇಲಿಟ್ಟು ಹೋಗುತ್ತೇನೆ. ತೆಗೆದರೆ ಒಂದೇ ಮಾತು.

ಹಸಿವಾಗೈತೇನ, ಅಕ್ಕಾ?

ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಬಾಯಿಬಡುಕಿ ತಂಗಿ,
ರುದ್ರಾಣಿ