ಅರ್ಧ ವೇಗದಲ್ಲಿ ಪ್ರಕಾಶಣ್ಣ

ಪ್ರಕಾಶಣ್ಣಾ, ಬೈದು ಬೈದೇ ನನಗೆ ಕೆಲಸ ಕಲಿಸಿದ ನನ್ನ ಅಣ್ಣಾ,

ನಾನು ಹೂರಾದಲ್ಲಿದ್ದೇನೆ! ಬಹ್ರೇನಿನ ಕತೆ ಹೇಳುವಾಗಲೆಲ್ಲ ನೀವು ಬಾಯಿ ತುಂಬ ಹೇಳುತ್ತಿದ್ದ ಅದೇ ಹೂರಾದಲ್ಲಿ! ಮೂರನೇ ಮಹಡಿ, ಒಂದು ಹಾಲ್, ಒಂದು ಬೆಡ್‌ರೂಮ್, ಹೊಚ್ಚ ಹೊಸ ಗಂಡ. ರೋಶನ್ ಎಷ್ಟು ಒಳ್ಳೆಯವನು ಎಂದರೆ, ಅದನ್ನು ಬರೆಯಲು ಹೊರಟರೆ ಈ ಪತ್ರ ಅಲ್ಲೇ ಮುಗಿದುಹೋಗುತ್ತದೆ. ಕಿಟಕಿಯೊಂದು ಮಾತ್ರ ಒಳ್ಳೆಯದಲ್ಲ. ತೆರೆದರೆ ಕೈಗೆಟುಕುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ, ಗೋಡೆಯ ತುಂಬ ಎ.ಸಿ. ಡಬ್ಬಿಗಳು, ಹಗಲಿಡೀ ಮುಖಕ್ಕೇ ಉಗುಳುವ ಬಿಸಿಗಾಳಿ. ನೀವು ಹೇಳುತ್ತಿದ್ದ ಆ ತಾರಸಿ ಎಲ್ಲಿ? ನೀರಿನ ಟಾಂಕಿಗಳ ನಡುವೆ ಹುಡುಗರನ್ನು ನಿಲ್ಲಿಸಿ ನಿಮ್ಮ ಮೊದಲ ಹಿಪ್‌ಹಾಪ್ ವಿಡಿಯೋ ತೆಗೆದ ತಾರಸಿ? ನಮ್ಮ ಕಟ್ಟಡದ ತಾರಸಿಗಂತೂ ಬೀಗ. ಕೀಲಿ ಕೇಳಿದರೆ ಕಾವಲುಗಾರ ಕೈ ಆಡಿಸಿಬಿಡುತ್ತಾನೆ, "ಮಾಲೀಕ್ ಮನಾ ಕಿಯಾ, ಮೇಡಂ." ಮಾಲೀಕ ಬೇಡ ಎಂದಿದ್ದಾನಂತೆ.

ನಾನು ಮೊದಲ ಸ್ಕ್ರಿಪ್ಟು ತಂದ ದಿನ ನೆನಪಿದೆಯಾ? ನೀವು ಇಲ್ಲಿ ಮದುವೆ ವಿಡಿಯೋ ತೆಗೆದು ದುಡಿದ ದುಡ್ಡಿನ ಕ್ಯಾಮೆರಾ ಹಿಡಿದು ಊರಿಗೆ ಮರಳಿದ್ದಿರಿ. ಮಂಗಳೂರಿನ ಕೇಬಲ್ ಚಾನೆಲ್ಲಿನವರ ಕೈಕಾಲು ಹಿಡಿದು ವಾರಕ್ಕೆ ಅರ್ಧ ಗಂಟೆ ಹಿಪ್‌ಹಾಪಿಗೆ ಬಿಡಿಸಿಕೊಂಡಿದ್ದಿರಿ. ನಮ್ಮ ಊರಿನಲ್ಲಿ ಅದಕ್ಕೆ ಮೊದಲು ಯಾರು ಮಾಡಿದ್ದರು ಹೇಳಿ? ಕಾರ್ಯಕ್ರಮ ನಡೆಸಿಕೊಡಲು ಬಂದ ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ತಂದಿದ್ದೆ. ನೀವು ಓದಿ, ಮಡಚಿ, ಅದರ ಮೇಲೆ ಚಹಾದ ಗ್ಲಾಸು ಇಟ್ಟಿರಿ. "ಇದು ಗ್ಲಾಸಿನ ಅಡಿಗೆ ಒಳ್ಳೆದುಂಟು. ಇನ್ನು ಕನ್ನಡದಲ್ಲಿ ಬರಿ ಮಾರಾಯ್ತಿ. ನಿನ್ನ ಅಜ್ಜಿಗೆ ಅರ್ಥ ಆಗ್ಬೇಕು ಹಾಡುವ ಹುಡುಗ ಎಂತ ಹೇಳ್ತಾ ಇದ್ದಾನೆ ಅಂತ." ಆಮೇಲೆ ಎಷ್ಟು ವಾರ ನನ್ನ ಒತ್ತಕ್ಷರ ತಿದ್ದಿದಿರೋ! ಈ ಪತ್ರವೂ ಅದಕ್ಕೇ ಕನ್ನಡದಲ್ಲಿ. ತಪ್ಪಿದ್ದರೆ ಬೈಯಿರಿ. ಬೈದರೆ ಎಷ್ಟು ಖುಷಿಯಾಗುತ್ತದೆ ಎಂದರೆ...

ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಶೂಟಿಂಗ್ ಮಾಡಿದ ಬೆಳಗ್ಗೆಯನ್ನು ಮರೆಯುವುದು ಹೇಗೆ? ಹುಡುಗರು ದೊಗಳೆ ಪ್ಯಾಂಟು ಹಾಕಿಕೊಂಡು ಮೀನಿನ ಬುಟ್ಟಿಗಳ ನಡುವೆ ನಿಂತಿದ್ದರು. ನೀವು ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿದಿರಿ. ಸ್ಪೀಕರಿನಿಂದ ಇಲಿ ಕೂಗಿದ ಹಾಗೆ ಸದ್ದು! "ಓ ದೇವ್ರೇ, ಪಾಪ, ಇವರ ಪ್ಯಾಂಟಿಗೆ ಯಾರು ಗಾಳಿ ಹಾಕಿದ್ದು?" ಎಂದು ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನಕ್ಕರು. ಹುಡುಗರು ಅದೇ ವೇಗಕ್ಕೆ ಬಾಯಿ ಆಡಿಸಬೇಕು, ಕ್ಯಾಮೆರಾ ಹೆಚ್ಚು ಫ್ರೇಮ್ ಹಿಡಿಯಬೇಕು. ಸಂಜೆ ಕಂಪ್ಯೂಟರಿನಲ್ಲಿ ನೀವು ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿ, ಸರಿಯಾದ ಹಾಡು ಜೋಡಿಸಿದಿರಿ. ನನಗೆ ಮೈ ಜುಮ್ಮೆಂದಿತು! ತುಟಿ ಹಾಡಿಗೆ ಅಕ್ಷರ ಅಕ್ಷರ ಕೂಡುತ್ತಿದೆ. ಅದೊಂದನ್ನು ಬಿಟ್ಟು ಕಾಗೆ, ಸೆರಗು, ಮೀನಿನಿಂದ ಚಿಮ್ಮಿದ ನೀರು, ಎಲ್ಲವೂ ತೇಲುತ್ತಿದೆ. "ನೋಡುವವನಿಗೆ ನಿಧಾನ ಕಾಣ್ಬೇಕಾದ್ರೆ ನಿಂತವ ಡಬಲ್ ಬದುಕ್ಬೇಕು," ಎಂದಿರಿ ನೀವು.

ರೋಶನ್ ನನ್ನನ್ನು ನೋಡಲು ಬಂದ ದಿನ ಮೊದಲು ಕೇಳಿದ್ದೇ ನಿಮ್ಮ ಕಾರ್ಯಕ್ರಮದ ಬಗ್ಗೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನೋಡುತ್ತಿದ್ದನಂತೆ! ನಾನು ಅಲ್ಲೇ ಬಿದ್ದುಹೋದೆ ಅಣ್ಣ. ಮದುವೆಯ ಕಾಗದ ಕೊಡಲು ಬಂದಾಗ ನೀವು ಮುಖ ಹುಳಿ ಮಾಡಿದಿರಿ. "ಮದುವೆಗೆ ಬರ್ತೇನೆ. ಸ್ಟೇಜಿಗೆ ಬರುದಿಲ್ಲ. ವಿಶ್ ಮಾಡ್ಲಿಕ್ಕೆ ಆ ಕ್ಯೂ ನಿಲ್ಲುದು ನನ್ನಿಂದಾಗದು. ನೂರಾರು ಮದುವೆಯಲ್ಲಿ ಆ ಕ್ಯೂ ತೆಗೆದು ತೆಗೆದು ನನ್ನ ಹೆಗಲು ಬಿದ್ದುಹೋಗಿದೆ. ಅದು ಸತ್ತ ಫೂಟೇಜು." ಹೇಳಿದ ಹಾಗೇ ಮಾಡಿದಿರಿ ಎಂದುಕೊಂಡೆ. ಮದುವೆ ಹಾಲ್‌ನ ಹಿಂದೆ, ಬ್ಯಾಂಡಿನವರ ಪಕ್ಕ ಒಮ್ಮೆ ಕಂಡಿರಿ, ಆಮೇಲೆ ಇಲ್ಲ. ಅಷ್ಟು ಸಂತೋಷದ ದಿನ ನನಗೆ ಒಂದು ಚೂರು ಕೋಪ ಬಂದದ್ದು ನಿಮ್ಮ ಮೇಲೆ ಮಾತ್ರ.

ಊರಿನಿಂದ ಫೋನು ಬಂದಾಗ ನಾನು ಅಕ್ಕಿ ತೊಳೆಯುತ್ತಿದ್ದೆ. ಇಲ್ಲಿಗೆ ಬಂದು ತಿಂಗಳೂ ಆಗಿರಲಿಲ್ಲ. ನಿಮ್ಮ ಹೃದಯ ನಿಂತುಹೋಯಿತು ಎಂದರು. ನಾನು ಬ್ಯಾಗು ತೆಗೆದೆ, ಬಟ್ಟೆ ತುಂಬಿದೆ. ರೋಶನ್ ಬ್ಯಾಗಿನ ಮೇಲೆ ಕೈಯಿಟ್ಟ. "ಜೆನಿ, ಪಾಸ್‌ಪೋರ್ಟ್ ಆಫೀಸಲ್ಲಿ ಉಂಟು. ಆರ್‌ಪಿ ಸ್ಟ್ಯಾಂಪಿಂಗಿಗೆ ಕೊಟ್ಟಿದ್ದೇವೆ. ಅದು ಬರದೆ ಹೋಗ್ಲಿಕ್ಕಾಗುದಿಲ್ಲ." ಇಲ್ಲಿ ಹೆಂಡತಿಯಾಗಿ ಉಳಿಯಲು ಆ ಆರ್‌ಪಿ, ವಾಸದ ಪರವಾನಗಿಯ ಮೊಹರು ಬೇಕು. ಆ ಮೊಹರಿಗಾಗಿ ನಿಮ್ಮ ಮುಖ ಕೊನೆಯ ಸಲ ನೋಡಲೂ ಆಗಲಿಲ್ಲ. ಅನ್ನ ಆ ದಿನ ಯಾರು ಮಾಡಿದರೋ ನೆನಪಿಲ್ಲ.

ಯೂಸುಫ್ ಹೆಸರು ಮೊದಲು ಕೇಳಿದ್ದು ಒಂದು ಶುಕ್ರವಾರ. ಅದ್ಲಿಯಾದಲ್ಲಿ ರೋಶನ್ ಸೂಪರ್‌ವೈಸರ್ ಆಗಿರುವ ರೆಸ್ಟೋರೆಂಟಿಗೆ ಬರುವ ಬಹ್ರೇನಿ ಗಿರಾಕಿ. ರೋಶನ್ ಎಂದಿನಂತೆ "ನನ್ನ ಹೆಂಡತಿ ಟಿವಿಯಲ್ಲಿ ಹಿಪ್‌ಹಾಪ್ ಮಾಡ್ತಿದ್ದಳು" ಎಂದು ಜಂಭ ಕೊಚ್ಚಿಕೊಂಡಿದ್ದಾನೆ. ಮಾತಿಗೆ ಮಾತು ಬಂದು ನಿಮ್ಮ ಹೆಸರೂ ಬಂದಿದೆ. ಅಣ್ಣ, ನಿಮ್ಮ ತಾರಸಿಯ ಹುಡುಗ ಅವನೇ! ಈಗ ಹೊಟ್ಟೆ ಬಂದ ಗೃಹಸ್ಥ. ಹೊಸ ಹಾಡು ಬರೆದಿದ್ದಾನಂತೆ, ಪ್ರಕಾಶನ ಶಿಷ್ಯೆಯೇ ಅದಕ್ಕೆ ವಿಡಿಯೋ ಮಾಡಬೇಕಂತೆ! ನಾನು ಸೋಫಾದ ಮೇಲೆ ಹತ್ತಿ ಕುಣಿದೆ. ರೋಶನ್ ಕುಣಿಯಲಿಲ್ಲ. "ಫ್ಯಾಮಿಲಿ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಜೆನಿ."

"ದುಡ್ಡು ಬೇಡ ನನಗೆ."

"ಗಂಡಸರ ಜೊತೆ ಬೀದಿ ಬೀದಿ ಕ್ಯಾಮೆರಾ ಹಿಡ್ಕೊಂಡು... ಮಮ್ಮಿ ಬೇರೆ ಇದ್ದಾರೆ ಇಲ್ಲಿ."

ಅವನ ಮಮ್ಮಿ, ನನ್ನ ಅತ್ತೆ, ನಾವು ಮಾಂಯ್ ಎನ್ನುತ್ತೇವೆ, ವಿಸಿಟ್ ವೀಸಾದಲ್ಲಿ ಬಂದು ಬೆಡ್‌ರೂಮಿನಲ್ಲಿದ್ದರು. ಹೊಸ ಜೋಡಿ ಹಾಲ್‌ನಲ್ಲಿ ಮಲಗುತ್ತಿತ್ತು. ಬೆಳಗ್ಗೆ ರೋಶನ್ ಹೋದರೆ ನಾನು, ಮಾಂಯ್, ಗೋಡೆ. ಒಬ್ಬಳೇ ಬೇಕರಿಗೆ ಹೊರಟರೂ ಮಾಂಯ್, ಮಗಳನ್ನು ಕರೆದ ಹಾಗೆ, "ಸೆಕೆ ಉಂಟು, ಬಾಯೇ, ರೋಶನ್ ತರ್ತಾನೆ." ಎಲ್ಲರೂ ಪ್ರೀತಿಯಿಂದಲೇ ಹೇಳುವುದು. ಬಾಗಿಲಿಗೆ ಬೀಗ ಹಾಕಿದ್ದರೆ ಒಡೆಯಬಹುದಿತ್ತು. ಪ್ರೀತಿಯನ್ನು ಏನು ಮಾಡುವುದು? ಇದೊಂದು ವಿಡಿಯೋ ಮಾಡದೆ ಹೋದರೆ, ನೀವು ಕಲಿಸಿದ ಆ ಹುಡುಗಿ ಈ ಹಾಲ್‌ನಲ್ಲೇ ಒಣಗಿ ಹೋಗುತ್ತಾಳೆ ಎಂದು ಹೆದರಿದೆ.

ಸಿಟ್ಟಿಗೆ ನಮ್ಮ ಮದುವೆಯ ವಿಡಿಯೋ ಎಡಿಟ್ ಮಾಡಲು ಕೂತೆ. ಊರಿನಿಂದ ಹಾರ್ಡ್ ಡಿಸ್ಕಿನಲ್ಲಿ ಎಲ್ಲ ಫೂಟೇಜೂ ಬಂದಿತ್ತು. ಬೀಟಿಗೆ ಬೀಟು ಕತ್ತರಿಸಿದೆ ಅಣ್ಣ! ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದ ತೆಂಗಿನಹಾಲು ತಲೆಯ ಮೇಲೆ ಬೀಳುವುದು, ಡಮ್, ಬ್ಯಾಂಡಿನವನ ಕೆನ್ನೆ ಉಬ್ಬುವುದು, ಡಮ್, ಉಂಗುರ, ಡಮ್! ವಿಶ್ ಮಾಡುವ ಕ್ಯೂ? ಸತ್ತ ಫೂಟೇಜು. ನೋಡಲೂ ಇಲ್ಲ, ಇಡಿಯಾಗಿ ಕಿತ್ತು ಹಾಕಿದೆ. ಹಾಡಿನಷ್ಟೇ ಉದ್ದದ ಮದುವೆ! ಹೆಮ್ಮೆಯಿಂದ ಊರಿಗೂ, ಕುವೈಟಿಗೂ, ದುಬೈಗೂ ಕಳಿಸಿದೆ. ಆಮೇಲೆ ಫೋನುಗಳು ಶುರುವಾದವು ನೋಡಿ.

"ಎಲ್ಲಿ ನನ್ನ ತಂಗಿ? ಎಲ್ಲಿ ರೋಶನ್‌ನ ಚಿಕ್ಕಪ್ಪ, ಆ ಕುವೈಟಿನ ಬಾಪ್ಪು? ಟಿಕೆಟ್ ಮಾಡಿ ಬಂದವರು ಅವರು!" ಮಾಂಯ್ ಫೋನನ್ನು ನನ್ನ ಕಡೆ ಚಾಚಿ ಹಿಡಿದರು. "ಬ್ಯಾಂಡಿನವನ ಕೆನ್ನೆ ಮೂರು ಸಲ ಉಂಟು. ನನ್ನ ಮನೆಯವರು ಒಬ್ಬರೂ ಇಲ್ಲ. ಅವನೇನು ವರನ ಸೋದರಮಾವನಾ?"

ನನಗೆ ನಗು ಬಂತು, ನಗಲಿಲ್ಲ. ಮದುವೆ ವಿಡಿಯೋ ಎಂದರೆ ಯಾರು ಬಂದಿದ್ದರು ಎಂಬುದಕ್ಕೆ ಸಾಕ್ಷಿ ಎಂದು ನೀವೂ ನನಗೆ ಹೇಳಿರಲಿಲ್ಲ.

ಕ್ಯೂ ವಾಪಸ್ಸು ಜೋಡಿಸಿದ ಮಧ್ಯಾಹ್ನ ಮಾಂಯ್ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತರು, ಒಬ್ಬರನ್ನೂ ಬಿಡದಂತೆ ಕಾವಲು. ಒಬ್ಬೊಬ್ಬರೇ ಮೆಟ್ಟಿಲು ಹತ್ತುತ್ತಾರೆ, ಕೈ ಕುಲುಕುತ್ತಾರೆ, ಕ್ಯಾಮೆರಾಕ್ಕೆ ಹಲ್ಲು ತೋರಿಸುತ್ತಾರೆ, ಇಳಿಯುತ್ತಾರೆ. ಆಕಳಿಕೆ ತಡೆಯಲಾಗದೆ ಕಣ್ಣೊರೆಸಿಕೊಂಡೆ. ಕಣ್ಣು ತೆರೆದರೆ, ಕ್ಯೂನಲ್ಲಿ ನೀವು!

ನೀವು, ಅಣ್ಣ! ಕ್ಯೂ ನಿಂತಿದ್ದಿರಿ! ತಲೆ ಬಾಚಿ, ಇಸ್ತ್ರಿ ಹಾಕಿದ ಶರಟು, ಎರಡೂ ಕೈ ಮುಂದೆ ಕಟ್ಟಿಕೊಂಡು, ಶಾಲೆಯ ಹುಡುಗನ ಹಾಗೆ. ನನಗೂ ನಿಮಗೂ ನಡುವೆ ಮೂರೇ ಜನ. ನಾನು ಯಾರದೋ ಕೈ ಹಿಡಿದು ನಗುತ್ತಿದ್ದೇನೆ, ನಿಮ್ಮ ಕಡೆ ನೋಡುವುದೇ ಇಲ್ಲ. ಅಷ್ಟರಲ್ಲಿ ನಿಮ್ಮ ಹುಬ್ಬು ಗಂಟಾಗುತ್ತದೆ. ಆ ಗಂಟು ನನಗೆ ಗೊತ್ತಿಲ್ಲವೇ! ಲೈಟು ಸರಿ ಇಲ್ಲ ಎಂದು. ನೀವು ಕ್ಯೂ ಬಿಟ್ಟು ಹೊರಬಂದು, ಲೈಟಿನ ಸ್ಟ್ಯಾಂಡನ್ನು ಸರಿಸಿ, ರೋಶನ್ ಪಕ್ಕ ನಿಂತ ಮಾಂಯ್‌ಗೆ ಏನೋ ಹೇಳುತ್ತೀರಿ. ಮಾಂಯ್ ಒಂದು ಹೆಜ್ಜೆ ಈಚೆ ಬರುತ್ತಾರೆ. ತಿರುಗಿ ನೋಡಿದರೆ ನಿಮ್ಮ ಜಾಗ ತುಂಬಿಹೋಗಿದೆ. ಮತ್ತೆ ಹಿಂದೆ ಹೋಗಿ ನಿಲ್ಲುವ ಜನವೇ ನೀವು? ನಕ್ಕು, ಫ್ರೇಮಿನಿಂದ ಹೊರಗೆ...

"ಇವನಾ?" ಎಂದರು ಮಾಂಯ್. "ನಾನು ಮದುವೆ ಹಾಲ್‌ನ ಕೆಲಸದವ ಅಂತ ಎಣಿಸಿದ್ದೆ. ‘ಅಮ್ಮ, ಮಗನ ನೆರಳು ನಿಮ್ಮ ಮುಖಕ್ಕೆ ಬೀಳ್ತಾ ಉಂಟು, ಈಚೆ ಬನ್ನಿ’ ಅಂದ."

ನಾನು ಅಳುತ್ತಿದ್ದೆ. ನೀವು ಯಾರೆಂದು ಅಳುತ್ತಲೇ ಹೇಳಿದೆ. ಮಾಂಯ್ ಮೌಸನ್ನು ತಾವೇ ಹಿಡಿದು, ಹಿಂದಕ್ಕೆ ತರುವುದು ಹೇಗೆ ಎಂದು ಕೇಳಿದರು. ನೆರಳಿನ ಮಾಂಯ್, ಬೆಳಕಿನ ಮಾಂಯ್. ಎರಡನ್ನೂ ನೋಡಿದರು. "ನನ್ನ ಮದುವೆಯ ಫೋಟೋದಲ್ಲಿಯೂ ನಾನು ರೋಶನ್‌ನ ಅಪ್ಪನ ನೆರಳಲ್ಲೇ ಇದ್ದದ್ದು," ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ದನಿ ಬಂತು. "ಆ ಯೂಸುಫಿಗೆ ಹೆಂಡತಿ ಉಂಟಾ?"

"ಉಂಟು ಮಾಂಯ್."

"ಹೆಂಡತಿಯನ್ನು ಕರ್ಕೊಂಡು ಊಟಕ್ಕೆ ಬರ್ಲಿ. ಮನೆಗೆ ಬಂದವ ಹಾಡಿದ್ರೆ ಬಾಯಿ ಮುಚ್ಚು ಅನ್ಲಿಕ್ಕೆ ಆಗ್ತದಾ?"

ಶುಕ್ರವಾರ ಬಂದರು. ರೋಶನ್ ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡುತ್ತಿದ್ದ. ಬೀದಿ ಇಲ್ಲ, ತಾರಸಿ ಇಲ್ಲ; ಇದ್ದದ್ದು ಈ ಹಾಲ್ ಒಂದೇ. ಯೂಸುಫನನ್ನು ಕಿಟಕಿಯ ಬಳಿ ನಿಲ್ಲಿಸಿದೆ, ಹಿಂದೆ ಆ ಗೋಡೆ, ಆ ಎ.ಸಿ. ಡಬ್ಬಿಗಳು. ಹಾಡನ್ನು ಎರಡು ಪಟ್ಟು ಮಾಡಿದೊಡನೆ ಇಲಿ ಕೂಗಿತು, ಅವನ ಹೆಂಡತಿ ಮುಖ ಮುಚ್ಚಿಕೊಂಡು ನಕ್ಕಳು. ಯೂಸುಫ್ ನಗಲಿಲ್ಲ. "ಬ್ರಕಾಶ್," ಎಂದ, ಅರಬಿ ನಾಲಿಗೆಗೆ ‘ಪ’ ಬಾರದೆ, ಎದೆಯ ಮೇಲೆ ಕೈಯಿಟ್ಟು. ಆಮೇಲೆ ಕಿಟಕಿಯ ಕಡೆ ಬೆರಳು ತೋರಿಸಿದ. ಈ ಗೋಡೆಯ ಆಚೆಗೆ, ಒಂದು ಬೀದಿ ದಾಟಿದರೆ ನೀವಿದ್ದ ಕಟ್ಟಡವಂತೆ. ಟಾಂಕಿಗಳು ಇನ್ನೂ ಇವೆಯಂತೆ. ಇಷ್ಟು ದಿನ ನಾನು ಶಪಿಸಿದ ಗೋಡೆ ನಿಮ್ಮ ತಾರಸಿಯನ್ನೇ ಮರೆ ಮಾಡಿಕೊಂಡು ನಿಂತಿತ್ತೇ!

ಅರ್ಧ ವೇಗಕ್ಕೆ ಇಳಿಸಿದಾಗ ಏನಾಯಿತು ಗೊತ್ತೇ? ಯೂಸುಫನ ತುಟಿ ಪಟಪಟ ಹಾಡುತ್ತದೆ. ಅವನ ಪಕ್ಕದಲ್ಲಿ ಮಾಂಯ್ ಸಿಗಡಿ ಸುಲಿಯುತ್ತಿದ್ದಾರೆ, ಒಂದೊಂದು ಸಿಪ್ಪೆಯೂ ಹೂವಿನ ಎಸಳಿನ ಹಾಗೆ ತೇಲಿ ಬಟ್ಟಲಿಗೆ ಬೀಳುತ್ತದೆ. ಪರದೆ ಹಾಯಿಯ ಹಾಗೆ ಉಬ್ಬುತ್ತದೆ. ನನ್ನ ಉಸಿರು ಕಟ್ಟಿಸಿದ ಈ ಕೋಣೆಯನ್ನು ಅಷ್ಟು ಚಂದ ಮಾಡಿದ್ದಕ್ಕೆ ನಿಮಗೆ ಸಿಟ್ಟು ಬರುತ್ತದೆಯೋ ಏನೋ. ವಿಡಿಯೋದ ಮೊದಲಿಗೆ ನಿಮ್ಮ ಹೆಸರು ಹಾಕಿದ್ದೇನೆ. ಕನ್ನಡದಲ್ಲಿ, ಅದರ ಪಕ್ಕ ಅರಬಿಯಲ್ಲಿ.

ಮುಂದಿನ ವಾರ ಮಾಂಯ್ ಊರಿಗೆ ಹೊರಡುತ್ತಾರೆ. ಆಮೇಲೆ ಹಗಲಿಡೀ ನಾನು, ಗೋಡೆ. ತಾರಸಿಗೆ ಇನ್ನೂ ಬೀಗ, ಆರ್‌ಪಿಯಲ್ಲಿ ಇನ್ನೂ ‘ಹೆಂಡತಿ’ ಎಂದೇ ಇದೆ. ಆ ಒಂದು ಬೀದಿ ದಾಟಿಸುತ್ತೇನೆ ಎಂದು ರೋಶನ್ ಮಾತು ಕೊಟ್ಟಿದ್ದಾನೆ. ಅವನಿಗೆ ರಜೆ ಸಿಕ್ಕ ಶುಕ್ರವಾರ, ಸೆಕೆ ಇಳಿದ ಮೇಲೆ. ಸಿಗದಿದ್ದರೆ ನಾನೇ ಒಬ್ಬಳೇ ದಾಟುತ್ತೇನೆ. ಇದು ನಾನು ನಿಮಗೆ ಕೊಡುವ ಮಾತು.

ಮದುವೆಯ ವಿಡಿಯೋ ಈಗ ಮೂರು ಗಂಟೆ ಉದ್ದ. ಒಬ್ಬರನ್ನೂ ಕತ್ತರಿಸಿಲ್ಲ. ನೀವು ಕ್ಯೂ ಬಿಟ್ಟು ಹೊರಬರುವ ಒಂದು ಕಡೆ ಮಾತ್ರ ಅರ್ಧ ವೇಗಕ್ಕೆ ಇಳಿಸಿದ್ದೇನೆ. "ಇಲ್ಲಿ ಯಾಕೆ ಇಷ್ಟು ನಿಧಾನ?" ಎಂದು ಮಾಂಯ್ ಕೇಳಿದರು. "ಇರಲಿ ಮಾಂಯ್" ಎಂದೆ. ಎಷ್ಟು ಸಲ ನೋಡಿದರೂ ಆ ಮೂರು ಜನರನ್ನು ದಾಟಿ ನೀವು ನನ್ನ ತನಕ ಬರುವುದಿಲ್ಲ, ಅಣ್ಣ. ನೀವು ಹೊರಟುಹೋಗುವುದಕ್ಕೆ ಮಾತ್ರ ಈಗ ಎರಡು ಪಟ್ಟು ಹೊತ್ತು ಹಿಡಿಯುತ್ತದೆ.

ನಿಮ್ಮ,
ಜೆನಿ