ಅಣ್ಣನ ಫೋನು, ಅಪ್ಪನ ಜೀನು

ಮಾರ್ಚ್ 4, ಬೆಳಿಗ್ಗೆ 11
ಬಟ್ಟೆ ಅಂಗಡಿಯ ಲಿಫ್ಟ್ ಮೂರನೇ ಮಹಡಿಯಲ್ಲಿ ನಿಂತುಬಿಟ್ಟಿತ್ತು. ಬಾಗಿಲಿನ ಹಳಿಯಲ್ಲಿ ಅಂಗಿಯ ಗುಂಡಿ. ಐದು ನಿಮಿಷದ ರಿಪೇರಿ. ಕೈಯೆಲ್ಲ ಗ್ರೀಸ್ — ಆಗಲೇ ಅಣ್ಣನ ಫೋನು. ಮಾತು ಬಿಟ್ಟು ನಾಲ್ಕು ವರ್ಷ. ಅಪ್ಪನ ಕ್ಯಾನ್ಸರ್ ಅವನಿಗೆ ಮೊದಲಿನಿಂದ ಗೊತ್ತಿತ್ತು. ನನಗೆ ಹೇಳಿದ್ದು ಕೊನೆಯ ವಾರ. ಅದಕ್ಕೇ.

"ನಂಗೂ ಬಂದಿದೆ ಕಣೋ. ಅಪ್ಪಂದೇ, ಪ್ರಾಸ್ಟೇಟ್ ಕ್ಯಾನ್ಸರ್. ಜೀನ್ ಟೆಸ್ಟ್ ಮಾಡಿದ್ರು. ಒಂದರಲ್ಲಿ ದೋಷ ಇದೆಯಂತೆ, ಅಪ್ಪನಿಂದ ಬಂದಿರೋದು. ನಿಂಗೂ ಇರಬಹುದು, ಅರ್ಧಕ್ಕರ್ಧ ಚಾನ್ಸು. ನೋಡಿಸ್ಕೋ."

"ಈಗ ಬಾಯಿ ಬಂತಾ?"

"ಯಾರಿಗೂ ಹೇಳ್ಬೇಡ ಅಂತ ಅಪ್ಪ ಆಣೆ ಹಾಕಿಸ್ಕೊಂಡಿದ್ರು. ಅವರ ಮಾತು ಕೇಳಿದ್ದು ನನ್ನ ತಪ್ಪು. ಬೈಯಿ, ಆದ್ರೆ ನೋಡಿಸ್ಕೋ."

ಫೋನ್ ಇಟ್ಟುಬಿಟ್ಟೆ.

ಮಾರ್ಚ್ 5
ನೋಡಿಸುವುದಿಲ್ಲ. ಗುಂಡುಕಲ್ಲಿನ ಹಾಗಿದ್ದೇನೆ.

ಏಪ್ರಿಲ್ 21
ಜೀನ್ ಟೆಸ್ಟಿಗೆ ರಕ್ತ ಕೊಟ್ಟು ಬಂದೆ. ಹೆಂಡತಿಯ ಕಾಟ. "ಸದ್ದು ಮಾಡದ ಲಿಫ್ಟನ್ನೂ ತಿಂಗಳಿಗೊಮ್ಮೆ ಚೆಕ್ ಮಾಡ್ತೀರಲ್ಲ, ನಿಮ್ಮನ್ನ ಯಾರು ಮಾಡ್ತಾರೆ?"

ಮೇ 19
ನನಗೂ ಇದೆ. ಆ ಜೀನಿನ ಹೆಸರು ಬಿಆರ್‌ಸಿಎ2. ಡಾಕ್ಟರಮ್ಮ ನಿಧಾನಕ್ಕೆ ವಿವರಿಸಿದರು. "ಇದು ಕಾಯಿಲೆ ಅಲ್ಲ. ಬೇರೆಯವರಿಗಿಂತ ರಿಸ್ಕ್ ಜಾಸ್ತಿ, ಅಷ್ಟೇ. ವರ್ಷಾ ವರ್ಷಾ ಪಿಎಸ್‌ಎ ರಕ್ತಪರೀಕ್ಷೆ ಮಾಡೋಣ. ಬಂದ್ರೂ ಬೇಗ ಹಿಡೀಬಹುದು." ಈ ಸಲದ ಪಿಎಸ್‌ಎ ಸರಿಯಾಗಿದೆ. ಅಲ್ಲೇ ಕುಣಿಯೋಣ ಅನ್ನಿಸಿತು.

"ಮಕ್ಕಳು?"

"ಒಬ್ಬಳೇ ಮಗಳು. ಅವಳಿಗೆ ಪ್ರಾಸ್ಟೇಟೇ ಇಲ್ವಲ್ಲ ಡಾಕ್ಟ್ರೇ."

"ಜೀನ್ ಹೆಣ್ಣುಮಕ್ಕಳಿಗೂ ಬರುತ್ತೆ. ಅವರಲ್ಲಿ ಸ್ತನ, ಅಂಡಾಶಯ..."

ಮುಂದಿನದು ಕಿವಿಗೆ ಬೀಳಲಿಲ್ಲ.

ಮೇ 27
ಊಟಕ್ಕೆ ಕೂತಾಗ ಮಗಳಿಗೆ ಹೇಳಬೇಕೆಂದು ಬಾಯಿ ತೆರೆದೆ. "ಉಪ್ಪು ಕೊಡಮ್ಮ" ಅಂದೆ. ಅಪ್ಪನೂ ಹೀಗೆ ಎಷ್ಟು ಸಲ ಉಪ್ಪು ಕೇಳಿದ್ದರೋ...

ಜೂನ್ 9
ಅಣ್ಣನ ಮನೆಗೆ ಹೋದೆ. ಆಪರೇಷನ್ ಆಗಿ ಮೂರು ವಾರ. ಗಡ್ಡೆ ಸಣ್ಣದಿದ್ದಾಗಲೇ ಸಿಕ್ಕಿತಂತೆ, ಪೂರ್ತಿ ತೆಗೆದಿದ್ದಾರೆ. ಇಳಿದುಹೋಗಿದ್ದಾನೆ, ಕಣ್ಣು ಮಾತ್ರ ಅದೇ ತುಂಟ ಕಣ್ಣು.

"ಬೈಯೋಕೆ ಬಂದ್ಯಾ?"

"ಮಗಳಿಗೆ ಹೇಗೆ ಹೇಳೋದು ಅಂತ ಕೇಳೋಕೆ ಬಂದೆ."

"ಗಂಟಲು ಸರಿ ಮಾಡ್ಕೋಬೇಡ. ಮಾಡ್ಕೊಂಡ್ಯೋ, ಮುಗೀತು. ಸುಮ್ನೆ ಶುರು ಮಾಡಿಬಿಡು."

ಇಬ್ಬರೂ ನಕ್ಕೆವು. ಅವನು ಹೊಟ್ಟೆ ಹಿಡಿದುಕೊಂಡು — ಹೊಲಿಗೆ ಇನ್ನೂ ನೋಯುತ್ತದಂತೆ.

ಜೂನ್ 10, ಸಂಜೆ 6
ಹೇಳಿದೆ. ಎಲ್ಲವನ್ನೂ. ಮಗಳು, "ಟೆಸ್ಟ್ ಎಲ್ಲಿ ಮಾಡ್ತಾರಪ್ಪಾ? ನೀನೂ ಜೊತೆಗೆ ಬಾ" ಅಂದಳು. ಕಣ್ಣು ಒರೆಸಿಕೊಂಡು, "ದೊಡ್ಡಪ್ಪನ ಹತ್ರ ಮಾತಾಡ್ಬೇಕು" ಅಂದಳು. ಈಗ ಇಬ್ಬರೂ ಫೋನಿನಲ್ಲಿ ನಾಲ್ಕು ವರ್ಷದ್ದು ಒಟ್ಟಿಗೇ ಮಾತಾಡುತ್ತಿದ್ದಾರೆ, ಸ್ಪೀಕರ್ ಹಾಕಿಕೊಂಡು. ನನ್ನ ಬಗ್ಗೆಯೇ ಏನೋ... ಅಣ್ಣ ನಗುತ್ತಿದ್ದಾನೆ. ಇವಳೂ. ಕರೆಯುತ್ತಿದ್ದಾಳೆ — ಬಂದೆ, ಬಂ